ಒಂದೇ ಸಿಡಿಯ ದೇಸಾಯಿ ಸರ್, ಬಿಡಿಭಾಗದ ವೀರೇಶ

ಕಂಪ್ಯೂಟರ್ ಲ್ಯಾಬಿನ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗೀಗ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತ, ಏನು ಕಲಿತರೆ ಮುಂದೆ ಉಪಯೋಗಕ್ಕೆ ಬರುತ್ತದೆ ಎಂದು ಕೇಳುತ್ತಾರೆ. ನನಗೆ ಗೊತ್ತಿಲ್ಲ. ನಾನು ಕಣ್ಣು ಕೆಂಪಗೆ ಮಾಡಿಕೊಂಡು ಕಲಿತದ್ದರಲ್ಲಿ ಮುಕ್ಕಾಲು ಪಾಲು ಈಗ ಯಾವ ಯಂತ್ರದಲ್ಲೂ ನಡೆಯುವುದಿಲ್ಲ. ಹಾಗೆಂದರೆ ಅವರು ನಗುತ್ತಾರೆ. "ಇಲ್ರಿ ಸರ್, ನಿಮ್ಮ ಅನುಭವಾ ಹೇಳ್ರಿ" ಅನ್ನುತ್ತಾರೆ. ಅನುಭವ ಅಂದರೆ ನನಗೆ ಮೊದಲು ನೆನಪಾಗುವುದು ಸೊಂಟನೋವು. ರೋಣದಿಂದ ನರಗುಂದ, ನರಗುಂದದಿಂದ ಮತ್ತೆ ರೋಣ, ಅಲ್ಲಿಂದ ಗಜೇಂದ್ರಗಡ. ಕೆಟ್ಟ ಮಾನಿಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನ ಹಿಂದಿನ ಸೀಟಿನಲ್ಲಿ ಕುಲುಕಾಡಿದ ವರ್ಷಗಳವು.

ನಮ್ಮ ಶಿಕ್ಷಣ ಸಂಸ್ಥೆಗೆ ರೋಣದಲ್ಲೊಂದು ಕಾಲೇಜು, ನರಗುಂದದಲ್ಲೊಂದು ಕಾಲೇಜು, ಗಜೇಂದ್ರಗಡದಲ್ಲೊಂದು ಹೈಸ್ಕೂಲು ಇದ್ದವು. ನನ್ನ ಹುದ್ದೆಯ ಹೆಸರು ಲ್ಯಾಬ್ ಇನ್‌ಸ್ಟ್ರಕ್ಟರ್. ಆದರೆ ಮೂರೂ ಊರಿನ ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ತಲೆಗೇ ಬಂದಿತ್ತು. ಹತ್ತಿ ಸುಗ್ಗಿ ಶುರುವಾದರೆ ರೋಣದ ಯಂತ್ರಗಳ ಫ್ಯಾನುಗಳಿಗೆ ಅರಳೆಯ ಎಳೆ ಸುತ್ತಿಕೊಳ್ಳುತ್ತಿತ್ತು. ನರಗುಂದದಲ್ಲಿ ವೋಲ್ಟೇಜು ಒಮ್ಮೆ ಏರಿ ಒಮ್ಮೆ ಇಳಿಯುತ್ತಿತ್ತು. ಗಜೇಂದ್ರಗಡದಲ್ಲಿ ಒಮ್ಮೆ ಯಂತ್ರವೊಂದು ಸುಟ್ಟ ವಾಸನೆ ಬರುತ್ತಿದೆ ಎಂದು ಕರೆಸಿದರು. ಬಿಚ್ಚಿ ನೋಡಿದರೆ ಒಳಗೆ ಹಲ್ಲಿ ಸತ್ತು ಅಂಟಿಕೊಂಡಿತ್ತು. ಇಂಥವೇ ಕೆಲಸಗಳು. ಇವನ್ನು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ.

ಇವೆಲ್ಲಕ್ಕಿಂತ ನನ್ನನ್ನು ದಣಿಸಿದ್ದು ಇಬ್ಬರು ಮನುಷ್ಯರ ನಡುವಿನ ವಾದ. ಅದನ್ನೇ ಹೇಳುತ್ತೇನೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ವೈರಸ್ಸಿನ ಕಾಟಕ್ಕೆ ನಮ್ಮ ಲ್ಯಾಬುಗಳು ಹಣ್ಣಾಗಿದ್ದವು. ಆಗ ರೋಣ ಕಾಲೇಜಿನ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಾಗಿದ್ದ ದೇಸಾಯಿ ಸರ್, ಮೂರೂ ಊರಿನಲ್ಲಿ ಲಿನಕ್ಸ್ ಹಾಕೋಣ ಎಂದು ನಿರ್ಧರಿಸಿದರು. ಯಂತ್ರ ಚಾಲೂ ಆದ ಕೂಡಲೆ ಎದ್ದು, ಕೀಲಿಮಣೆ, ಪರದೆ, ಪ್ರಿಂಟರ್ ಎಲ್ಲವನ್ನೂ ನಡೆಸುವ ತಳದ ಪ್ರೋಗ್ರಾಮಿಗೆ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರಲ್ಲ, ಲಿನಕ್ಸ್ ಅಂಥದ್ದೊಂದು. ಅದರ ಒಳಗಿನ ಬರಹವೆಲ್ಲ ತೆರೆದೇ ಇರುತ್ತದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ತಿದ್ದಬಹುದು ಎಂಬಲ್ಲಿಂದಲೇ ಜಗಳ ಶುರುವಾಯಿತು.

ದೇಸಾಯಿ ಸರ್ ಮೊದಲು ಗಣಿತದ ಮಾಸ್ತರರಾಗಿದ್ದವರು. ಬೋರ್ಡಿನ ಮೇಲೆ ಒಂದು ಗೆರೆ ಸೊಟ್ಟಗಾದರೆ ಪೂರ್ತಿ ಒರೆಸಿ ಮತ್ತೆ ಎಳೆಯುತ್ತಿದ್ದರು. ಅವರು ರಜೆಯಲ್ಲಿ ಕುಳಿತು ಒಂದು ಸಿಡಿ ತಯಾರಿಸಿದರು. ಪ್ರಿಂಟರು, ನೆಟ್‌ವರ್ಕು, ಕನ್ನಡ ಫಾಂಟು, ಎಲ್ಲವನ್ನೂ ತಳದ ಪ್ರೋಗ್ರಾಮಿನೊಂದಿಗೆ ಬಿಗಿಯಾಗಿ ಹೆಣೆದು ಒಂದೇ ಗಡ್ಡೆ ಮಾಡಿದ್ದರು. ಹೊರಗಿನಿಂದ ಏನನ್ನೂ ಸೇರಿಸುವಂತಿಲ್ಲ, ಒಳಗಿನಿಂದ ಏನನ್ನೂ ತೆಗೆಯುವಂತಿಲ್ಲ. ಮೂರೂ ಊರಿಗೆ ಅದೇ ಸಿಡಿ.

ನರಗುಂದ ಕಾಲೇಜಿನಲ್ಲಿ ವೀರೇಶ ಎಂಬ ಉಪನ್ಯಾಸಕರಿದ್ದರು. ಊರು ಲಕ್ಕಲಕಟ್ಟಿ, ವಯಸ್ಸು ನನಗಿಂತ ಬಹಳ ಕಡಿಮೆ. ಅವರಿಗೆ ಈ ಸಿಡಿ ಕಂಡರಾಗುತ್ತಿರಲಿಲ್ಲ. ಲಿನಕ್ಸಿನ ಸೊಗಸೇ ಅದರ ಬಿಡಿಭಾಗಗಳಲ್ಲಿದೆ, ಒಂದೊಂದು ತುಂಡೂ ಒಂದೊಂದೇ ಕೆಲಸ ಮಾಡಬೇಕು, ಬೇಕಾದ ತುಂಡನ್ನು ಬೇಕಾದಾಗ ಬದಲಿಸಲು ಬರಬೇಕು ಎಂಬುದು ಅವರ ವಾದ. ರೋಣದಲ್ಲಿ ನಡೆದ ಒಂದು ಮೀಟಿಂಗಿನಲ್ಲಿ ಇಬ್ಬರೂ ಎದುರಾದರು.

"ವೀರೇಶ, ಮನಿಯೊಳಗ ಒಲಿ, ಬಚ್ಚಲಾ, ನೀರಿನ ಟಾಕಿ ಎಲ್ಲಾ ಒಬ್ಬನ ಗೌಂಡಿ ಕಟ್ಟಿರಬೇಕು. ಹತ್ತ ಮಂದಿ ಕಟ್ಟಿದ್ರ ಗ್ವಾಡಿಗೆ ಗ್ವಾಡಿ ಕೂಡಂಗಿಲ್ಲ" ಎಂದರು ದೇಸಾಯಿ ಸರ್.

"ಅಲ್ರಿ ಸರ್, ಒಂದ ನಳಾ ಕೆಟ್ಟರ ಗ್ವಾಡಿ ಒಡೀಬೇಕೇನ್ರಿ?" ಎಂದರು ವೀರೇಶ.

ದೇಸಾಯಿ ಸರ್ ಚಾಕ್‌ಪೀಸ್ ಮೇಜಿನ ಮೇಲೆ ಇಟ್ಟು ಎದ್ದು ಹೋದರು. ಅಂದಿನಿಂದ ಇಬ್ಬರ ಮಾತೂ ನನ್ನ ಮೂಲಕವೇ ನಡೆಯತೊಡಗಿತು. ಇವರು ಅಂದದ್ದನ್ನು ಬಸ್ಸಿನಲ್ಲಿ ಅಲ್ಲಿಗೆ ಒಯ್ಯುವುದು, ಅವರು ಅಂದದ್ದನ್ನು ಇಲ್ಲಿಗೆ ತರುವುದು.

ಯಾರು ಸರಿ ಎಂದು ನನ್ನನ್ನು ಕೇಳಬೇಡಿ. ನರಗುಂದದಲ್ಲಿ ಒಂದು ಮುಂಗಾರಿನ ಸಿಡಿಲಿಗೆ ನೆಟ್‌ವರ್ಕ್ ಕಾರ್ಡುಗಳು ಸುಟ್ಟು ಹೋದವು. ಗದಗಿನಿಂದ ತಂದ ಹೊಸ ಕಾರ್ಡುಗಳು ಬೇರೆ ತರಹದವು. ದೇಸಾಯಿ ಸರ್ ಸಿಡಿಗೆ ಅವುಗಳ ಗುರುತೇ ಹತ್ತಲಿಲ್ಲ. ಅವರು ಹೊಸ ಸಿಡಿ ಕಟ್ಟಿ ಮುಗಿಸುವವರೆಗೆ ಲ್ಯಾಬ್ ಮುಚ್ಚಬೇಕಾಗಿತ್ತು. ವೀರೇಶ ಕಾಯಲಿಲ್ಲ. ತಮ್ಮ ಲಿನಕ್ಸನ್ನು ಹಾಕಿ, ಆ ಕಾರ್ಡಿಗೆ ಬೇಕಾದ ಒಂದು ತುಂಡನ್ನು ಜೋಡಿಸಿ ಊಟದ ಹೊತ್ತಿಗೆ ಲ್ಯಾಬ್ ನಡೆಸಿದರು. ನರಗುಂದ ಅಂದಿನಿಂದ ಅವರ ಕಡೆಯಾಯಿತು.

ಮುಂದಿನ ವರ್ಷ ಅದೇ ನರಗುಂದದಲ್ಲಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಅಚ್ಚಾಗುವಾಗ ಒತ್ತಕ್ಷರಗಳೆಲ್ಲ ಕಳಚಿ ಪಕ್ಕಕ್ಕೆ ಬಂದು ಕುಳಿತವು. 'ರಾಷ್ಟ್ರ' ಎಂಬುದು ಮುರಿದ ಸರದ ಹಾಗೆ ಬಿಡಿಬಿಡಿಯಾಗಿ ಬಿದ್ದಿತ್ತು. ವೀರೇಶ ಮುದ್ರಣದ ತುಂಡನ್ನು ಮಾತ್ರ ಹೊಸದು ಮಾಡಿದ್ದರು. ಅಕ್ಷರ ಜೋಡಿಸುವ ತುಂಡು ಹಳೆಯದೇ ಉಳಿದಿತ್ತು. ಎರಡೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿದ್ದವು, ಆದರೆ ಒಂದರ ಮಾತು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಪತ್ರಿಕೆಗಳನ್ನು ರೋಣದಲ್ಲಿ, ದೇಸಾಯಿ ಸರ್ ಯಂತ್ರದಲ್ಲಿ ಅಚ್ಚು ಮಾಡಿಸಿ ನಾನೇ ಹೊತ್ತು ತಂದೆ. ದೇಸಾಯಿ ಸರ್ ಪ್ರಿಂಟರಿನಿಂದ ಬಂದ ಮೊದಲ ಹಾಳೆಯನ್ನು ಎತ್ತಿ ಹಿಡಿದು ನನಗೆ ತೋರಿಸಿದರು, ಅಷ್ಟೆ.

ಸುಮಂಗಲಾ ಅಕ್ಕೋರು ನನ್ನನ್ನು ಕರೆಸಿದ್ದು ಇದಾದ ಮೇಲೆ.

ಅವರು ಗಜೇಂದ್ರಗಡದ ನಮ್ಮ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದರು. ಕಣ್ಣಿನ ಪರದೆಯ ರೋಗ. ಮೊದಲು ಸಂಜೆ ಕಾಣದಾಯಿತು, ಆಮೇಲೆ ಪುಸ್ತಕ, ಆಮೇಲೆ ಮಕ್ಕಳ ಮುಖ. ಹುಬ್ಬಳ್ಳಿಯ ದವಾಖಾನೆಯವರು ಇನ್ನು ಬರಬೇಡಿ ಎಂದಿದ್ದರಂತೆ. ಸಂಸ್ಥೆಯ ಚೇರಮನ್ನರು ಕೆಟ್ಟ ಮನುಷ್ಯರಲ್ಲ. ಆದರೆ ಪಾಲಕರು ಬಂದು ಕೇಳುತ್ತಿದ್ದರು. "ಅಕ್ಕೋರು ತಾವ ಪಾಠಾ ಓದಿಕೊಂಡು, ತಾವ ಪ್ರಶ್ನೆಪತ್ರಿಕೆ ತಗದರ ಇರ್ಲಿ. ಇಲ್ಲಾಂದ್ರ ರಾಜೀನಾಮೆ ಕೊಡ್ಲಿ" ಎಂದು ಚೇರಮನ್ನರು ತೀರ್ಮಾನ ಹೇಳಿ, ಆಡಳಿತ ಮಂಡಳಿಯ ಮುಂದೆ ಮಾಡಿ ತೋರಿಸಲು ಒಂದು ದಿನ ಗೊತ್ತು ಮಾಡಿದರು.

"ಖಾದರ ಸರ, ಕಂಪ್ಯೂಟರ ಓದಿ ಹೇಳತೈತಂತಲ್ರಿ, ಖರೇ ಏನ್ರಿ?" ಎಂದು ಅಕ್ಕೋರು ಕೇಳಿದರು.

"ಇಂಗ್ಲಿಷ್ ಓದತೈತ್ರಿ. ಕನ್ನಡಾ ನಾ ಕೇಳಿಲ್ಲ."

"ನಾ ಕಲಸೂದು ಕನ್ನಡಾರಿ."

ನಾನು ದೇಸಾಯಿ ಸರ್ ಬಳಿ ಹೋದೆ. "ನನ್ನ ಸಿಡಿಯೊಳಗ ಅದಕ್ಕ ಜಾಗಾ ಇಲ್ಲ ಖಾದರ್. ಒಂದು ಎಳಿ ಎಳದ್ರ ಪೂರಾ ಬಿಚ್ಚತೈತಿ" ಎಂದರು. ಅದರಲ್ಲಿ ಸೊಕ್ಕಿರಲಿಲ್ಲ. ನಿಜವಾಗಿಯೂ ಆಗುತ್ತಿರಲಿಲ್ಲ.

ಆಮೇಲೆ ವೀರೇಶರಿಗೆ ಹೇಳಿದೆ. ಅವರು ಪ್ರತಿ ಶನಿವಾರ ತಮ್ಮ ಊರು ಲಕ್ಕಲಕಟ್ಟಿಗೆ ಹೋಗುವವರು. ಗಜೇಂದ್ರಗಡದಲ್ಲಿ ಇಳಿದು ಹೈಸ್ಕೂಲಿನಲ್ಲಿ ಅಕ್ಕೋರಿಗೆಂದು ಇಟ್ಟ ಯಂತ್ರಕ್ಕೆ ತಮ್ಮ ಲಿನಕ್ಸ್ ಹಾಕಿ ಅದರ ಮುಂದೆ ಕೂರತೊಡಗಿದರು. ಪರದೆಯ ಮೇಲಿನ ಬರಹವನ್ನು ಹೆಕ್ಕಲು ಒಂದು ತುಂಡು, ಅದನ್ನು ಧ್ವನಿ ಮಾಡಲು ಇನ್ನೊಂದು, ಧ್ವನಿಯನ್ನು ಸ್ಪೀಕರಿಗೆ ಮುಟ್ಟಿಸಲು ಮತ್ತೊಂದು. ಕನ್ನಡದ ಧ್ವನಿ ಆಗ ನಮಗೆ ಎಲ್ಲೂ ಸಿಗಲಿಲ್ಲ, ತೆಲುಗಿನದು ಸಿಕ್ಕಿತು. ಕಂಪ್ಯೂಟರಿನೊಳಗೆ ಕನ್ನಡ ಅಕ್ಷರಗಳೂ ತೆಲುಗು ಅಕ್ಷರಗಳೂ ಒಂದೇ ಕ್ರಮದಲ್ಲಿ ಕುಳಿತಿರುತ್ತವೆ. ವೀರೇಶ ನಡುವೆ ಒಂದು ಪುಟ್ಟ ತುಂಡು ಬರೆದು, ಕನ್ನಡದ ಪ್ರತಿ ಅಕ್ಷರವನ್ನೂ ಅದಕ್ಕೆ ಸರಿಯಾದ ತೆಲುಗು ಅಕ್ಷರಕ್ಕೆ ಬದಲಿಸಿ ಮುಂದೆ ಕಳಿಸಿದರು. ಸ್ಪೀಕರಿನಿಂದ ಯಾರೋ ತೆಲುಗಿನ ಗಂಡಸು ಗಂಟಲು ಕಟ್ಟಿಕೊಂಡು ಕನ್ನಡ ಓದಿದ ಹಾಗೆ ಕೇಳಿಸಿತು.

ಅಕ್ಕೋರು ನಕ್ಕರು. ಆ ವರ್ಷ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. "ಎಲ್ಲ್ಯಾಂವರೇ ಇರ್ಲಿ ಬಿಡ್ರಿ, ಓದ್ತಾನಲ್ಲ" ಎಂದರು.

ಮಂಡಳಿಯ ದಿನ ಇನ್ನೇನು ಬಂತು ಎನ್ನುವಾಗ ಯಂತ್ರ ಮೂಕವಾಯಿತು. ಸ್ಪೀಕರಿಗೆ ಧ್ವನಿ ಮುಟ್ಟಿಸುವ ತುಂಡಿನ ಹೊಸ ಆವೃತ್ತಿ ಇಂಟರ್‌ನೆಟ್ಟಿನಿಂದ ತಾನಾಗಿ ಇಳಿದು ಕುಳಿತಿತ್ತು. ಅದು ಸ್ಪೀಕರನ್ನು ತಾನೇ ಹಿಡಿದುಕೊಂಡಿತು, ಓದುವ ತುಂಡಿಗೆ ಬಿಡಲೊಲ್ಲದು. ವೀರೇಶ ರಜೆ ಹಾಕಿ ಬಂದು ಬೆಳಗಿನಿಂದ ಕುಳಿತರು. ಒಂದೊಂದನ್ನೇ ಬಿಡಿಸಿ ನೋಡಿದರೆ ಎಲ್ಲವೂ ನಡೆಯುತ್ತಿದ್ದವು. ಜೋಡಿಸಿದರೆ ಮೌನ. ಸಂಜೆಯಾಯಿತು. "ಎಲ್ಲಾ ಸರೀನ ಐತ್ರಿ ಖಾದರಸಾಬ್ರ, ಎಲ್ಲಾ ಸರೀನ ಐತಿ" ಎಂದು ಅದನ್ನೇ ಮತ್ತೆ ಮತ್ತೆ ಹೇಳಿದರು. ಅಕ್ಕೋರು ಪಕ್ಕದಲ್ಲೇ ಕುರ್ಚಿಯ ಮೇಲಿದ್ದರು. "ಮನಿಗೆ ಹೋಗ್ರಿ ವೀರೇಶ ಸರ. ನಿಮ್ಮ ತಾಯಾರು ಹಾದಿ ನೋಡತಿರ್ತಾರ" ಎಂದು ಕಳಿಸಿದರು.

ನಾನು ರೋಣಕ್ಕೆ ಮರಳಿ ನೆಟ್ಟಗೆ ದೇಸಾಯಿ ಸರ್ ಮನೆಗೆ ಹೋದೆ. ಮರುದಿನ ಮೊದಲ ಬಸ್ಸಿಗೆ ಅವರು ನನಗಿಂತ ಮುಂಚೆ ಬಂದು ನಿಂತಿದ್ದರು. ದಾರಿಯುದ್ದಕ್ಕೂ ಅವರ ಬಾಯಿಂದ 'ನಾ ಹೇಳಿದ್ದೆನಲ್ಲ' ಎಂಬ ಮಾತು ಬಂದೇ ಬರುತ್ತದೆ ಎಂದು ಕಾಯುತ್ತಿದ್ದೆ. ಬರಲಿಲ್ಲ.

ಯಂತ್ರದ ಮುಂದೆ ಕುಳಿತು ಅವರು ಕೇಳಿದ್ದು ಒಂದೇ: "ಇದು ಚಲೋತ್ನ್ಯಾಗಿ ಮಾತಾಡತಿದ್ದಾಗ ಯಾವ ಯಾವ ತುಂಡು ಯಾವ ಆವೃತ್ತಿದಿದ್ದವು?" ವೀರೇಶ ಮೊದಲು ತಂದಿದ್ದ ಸಿಡಿಗಳು ಕಪಾಟಿನಲ್ಲೇ ಇದ್ದವು. ದೇಸಾಯಿ ಸರ್ ಯಂತ್ರವನ್ನು ಪೂರ್ತಿ ಅಳಿಸಿ, ಆ ಹಳೆಯ ತುಂಡುಗಳನ್ನೇ ಒಂದೊಂದಾಗಿ ಹಾಕಿದರು. ಜೋಡಣೆ ಸರಿ ಬಂದ ಮೇಲೆ ಒಂದೂ ಅಲ್ಲಾಡದ ಹಾಗೆ ಹೆಣೆದು ಬಿಗಿದರು. ಹೊಸ ಆವೃತ್ತಿ ತಾನಾಗಿ ಬರುವ ದಾರಿಯನ್ನೆಲ್ಲ ಮುಚ್ಚಿದರು. ಕೊನೆಗೆ ಬಗ್ಗಿ ನೆಟ್‌ವರ್ಕ್ ವೈರನ್ನು ಕಿತ್ತು ತಮ್ಮ ಜೇಬಿಗೆ ಹಾಕಿಕೊಂಡರು. ತೆಲುಗಿನ ಗಂಡಸು ಮತ್ತೆ ಓದಿದ.

"ಅಕ್ಕೋರ, ಇದಕ್ಕ ಯಾರಿಗೂ ಕೈ ಹಚ್ಚಾಕ ಕೊಡಬ್ಯಾಡ್ರಿ. ನನಗೂ ಕೊಡಬ್ಯಾಡ್ರಿ" ಎಂದು ಹೇಳಿ ಎದ್ದರು. ಜೋಡಣೆ ವೀರೇಶರದು, ಬಿಗಿತ ದೇಸಾಯಿ ಸರ್‌ದು. ಆದರೆ ಇಬ್ಬರೂ ಒಟ್ಟಿಗೆ ಆ ಕೋಣೆಯಲ್ಲಿ ಕೂರಲಿಲ್ಲ.

ಮಂಡಳಿಯ ದಿನ ಚೇರಮನ್ನರು ತಾವೇ ಆರಿಸಿದ ಒಂದು ಪುಟವನ್ನು ಗುಮಾಸ್ತರಿಂದ ಟೈಪ್ ಮಾಡಿಸಿ ತಂದಿದ್ದರು. ಯಂತ್ರ ಓದತೊಡಗಿದಾಗ ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿದರು, ಒಬ್ಬರು ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕರು. ಅಕ್ಕೋರು ತಲೆ ಬಗ್ಗಿಸಿ ಪೂರ್ತಿ ಕೇಳಿದರು. ಆಮೇಲೆ ಎದ್ದು ನಿಂತು ಅದೇ ಪುಟವನ್ನು ತಮ್ಮ ದನಿಯಲ್ಲಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ಕುಳಿತು, ಕೀಲಿಗಳನ್ನು ಬೆರಳಿನಿಂದಲೇ ಗುರುತಿಸುತ್ತ ಅದರ ಮೇಲೆ ಪ್ರಶ್ನೆಗಳನ್ನು ಟೈಪ್ ಮಾಡಿದರು. ನಗು ನಿಂತಿತ್ತು. ಚೇರಮನ್ನರು ಟೊಪ್ಪಿಗೆ ಸರಿ ಮಾಡಿಕೊಂಡು, "ನಡೀರಿ, ಚಹಾ ಕುಡಿಯೂಣು" ಎಂದರು. ಅಕ್ಕೋರ ಕೆಲಸ ಉಳಿಯಿತು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಕೆಲಸದಲ್ಲಿ ಯಾವುದೂ ಇಲ್ಲಿಗೆ ಮುಗಿಯುವುದಿಲ್ಲ.

ಆ ಯಂತ್ರ ಮತ್ತೆ ಒಮ್ಮೆಯೂ ಮೂಕವಾಗಲಿಲ್ಲ. ನಾನು ಗಜೇಂದ್ರಗಡಕ್ಕೆ ಹೋದಾಗ ಅದರ ಧೂಳು ಒರೆಸುತ್ತಿದ್ದೆ, ಅಷ್ಟೆ. ಬಿಚ್ಚುವ ಧೈರ್ಯ ಯಾರಿಗೂ ಇರಲಿಲ್ಲ. ಈ ನಡುವೆ ಸಂಸ್ಥೆಗೆ ಹೊಸ ಯಂತ್ರಗಳು ಬಂದವು, ಒಳಗೆ ದುಡ್ಡು ಕೊಟ್ಟು ಕೊಳ್ಳುವ ಬೇರೆ ಆಪರೇಟಿಂಗ್ ಸಿಸ್ಟಂ ಮೊದಲೇ ತುಂಬಿತ್ತು. ರೋಣದಲ್ಲಿ ದೇಸಾಯಿ ಸರ್ ಸಿಡಿಯೂ ಹೋಯಿತು, ನರಗುಂದದಲ್ಲಿ ವೀರೇಶರ ಬಿಡಿಭಾಗಗಳೂ ಹೋದವು. ಇಷ್ಟು ವರ್ಷ ಇಬ್ಬರೂ ಹೊಡೆದಾಡಿದ ನೆಲವನ್ನು ಮೂರನೆಯವರು ಬಂದು ಹಿಡಿದರು. ಯಾರೂ ಅದರ ಬಗ್ಗೆ ಮಾತಾಡಲೂ ಇಲ್ಲ. ದೇಸಾಯಿ ಸರ್ ನಿವೃತ್ತರಾದರು. ಮೂರೂ ಊರಿನಲ್ಲಿ ಉಳಿದ ಒಂದೇ ಲಿನಕ್ಸ್ ಯಂತ್ರವೆಂದರೆ ಅಕ್ಕೋರದು.

ಒಂದು ದಿನ ಅವರು ಫೋನ್ ಮಾಡಿದರು. "ಖಾದರ ಸರ, ಇದನ್ನ ಬಿಚ್ಚಬೇಕ್ರಿ."

ಹೊಸ ಪಠ್ಯ ಬಂದು ವರ್ಷ ದಾಟಿತ್ತು. ಪಾಠಗಳನ್ನು ಸಿಡಿಯಲ್ಲಿ ಕೊಟ್ಟಿದ್ದರೂ ಆ ಕಡತಗಳು ಹೊಸ ಬಗೆಯವು. ಅಕ್ಕೋರ ಯಂತ್ರ ಅವನ್ನು ತೆರೆಯುತ್ತಲೇ ಇರಲಿಲ್ಲ. ಅವರು ಯಾರಿಗೂ ಹೇಳಿರಲಿಲ್ಲ. ಸಹೋದ್ಯೋಗಿ ಟೀಚರೊಬ್ಬರು ಬಿಡುವಿನಲ್ಲಿ ಓದಿ ಹೇಳುತ್ತಿದ್ದರು, ಅಕ್ಕೋರು ಬಾಯಿಪಾಠ ಮಾಡಿಕೊಂಡು ಕಲಿಸುತ್ತಿದ್ದರು. ಈಗ ಆ ಟೀಚರು ಮದುವೆಯಾಗಿ ಊರು ಬಿಟ್ಟಿದ್ದರು.

"ಬಿಚ್ಚಿದ್ರ ಮತ್ತ ಮೂಕ ಆದೀತ್ರಿ ಅಕ್ಕೋರ" ಎಂದೆ.

"ಈಗೇನು ಮಾತಾಡಾಕತ್ತೈತ್ರಿ? ಹಳೇ ಪಾಠಾನ ಹೇಳತೈತಿ."

ದೇಸಾಯಿ ಸರ್‌ಗೆ ತಿಳಿಸದೆ ಅದನ್ನು ಮುಟ್ಟಲು ನನಗೆ ಮನಸ್ಸಾಗಲಿಲ್ಲ. ಅವರು ಮನೆಯ ಕಟ್ಟೆಯ ಮೇಲೆ ಕುಳಿತು ಕಡಲೆ ಗಿಡದಿಂದ ಕಾಯಿ ಬಿಡಿಸುತ್ತಿದ್ದರು. ನಾನು ಹೇಳಿದ್ದನ್ನು ಕೇಳಿ ಅವರ ಕೈ ನಿಂತಿತು.

"ಇನ್ನೂ ಅದನ್ನ ಹಾಂಗ ಇಟಗೊಂಡೀರೇನು? ನಾ ಅದನ್ನ ಆ ಒಂದ ದಿನದ ಸಲುವಾಗಿ ಬಿಗದಿದ್ದೆ ಖಾದರ್."

"ಯಾರಿಗೂ ಕೈ ಹಚ್ಚಾಕ ಕೊಡಬ್ಯಾಡ್ರಿ ಅಂದಿದ್ರಲ್ರಿ."

"ಮಂಡಳಿ ಮುಗಿಯೂತನಾ ಅಂತ ತಿಳಕೋತೀರಿ ಅಂತ ಮಾಡಿದ್ದೆ" ಎಂದರು. ಬಿಡಿಸಿದ ಕಾಯನ್ನು ಪಕ್ಕಕ್ಕೆ ಸರಿಸಿ, "ವೀರೇಶನ್ನ ಕರಸ್ರಿ. ಆ ಕೆಲಸಾ ಅವನಿಗೇ ಬರತೈತಿ" ಎಂದರು. ವೀರೇಶರ ಬಗ್ಗೆ ಅವರ ಬಾಯಿಂದ ಅಂಥ ಮಾತು ನಾನು ಕೇಳಿದ್ದು ಅದೊಂದೇ ಸಲ.

ವೀರೇಶ ಬಂದರು. ಬಿಚ್ಚಿದರು. ನಾನು ಹೆದರಿದ ಹಾಗೆಯೇ ಯಂತ್ರ ಮೂಕವಾಯಿತು. ಕೆಲವು ವಾರ ಮೂಕವಾಗಿಯೇ ಇತ್ತು. ಅಕ್ಕೋರು ಅಷ್ಟೂ ದಿನ ನೆನಪಿನಿಂದಲೇ ತರಗತಿ ನಡೆಸಿದರು. ವೀರೇಶರ ಕೂದಲು ಆಗಲೇ ಹಣ್ಣಾಗಿತ್ತು. ಮೊದಲಿನ ಆತುರ ಇರಲಿಲ್ಲ. ಒಂದು ತುಂಡು ಬದಲಿಸಿದರೆ ಮುಂದಿನ ಶನಿವಾರದವರೆಗೆ ಅದು ಹೇಗೆ ನಡೆಯುತ್ತದೆಂದು ನೋಡಿ, ಆಮೇಲೆ ಇನ್ನೊಂದನ್ನು ಮುಟ್ಟುತ್ತಿದ್ದರು. ಆ ಹೊತ್ತಿಗೆ ಕನ್ನಡದ್ದೇ ಧ್ವನಿಯೂ ಬಂದಿತ್ತು. ಒಂದು ಶನಿವಾರ ಮಧ್ಯಾಹ್ನ ಹೊಸ ಪಠ್ಯದ ಸಿಡಿ ತೆರೆಯಿತು, ಯಂತ್ರ ಓದತೊಡಗಿತು.

ಅಕ್ಕೋರು ಒಂಬತ್ತನೇ ತರಗತಿಯ ಪಾಠವೊಂದನ್ನು ಹಾಕಿಸಿದರು. ಹೊಳೆ ತುಂಬಿ ಬಂದಾಗ ಊರವರನ್ನು ದಡ ಮುಟ್ಟಿಸಿದ ಅಂಬಿಗನ ಕಥೆ. ಹಿಂದಿನ ವರ್ಷ ಕಲಿಸಿದ್ದ ಪಾಠ, ಅವರಿಗೆ ಬಾಯಿಗೆ ಬರುತ್ತಿತ್ತು. ಯಂತ್ರದ ಜೊತೆ ತುಟಿ ಆಡಿಸುತ್ತ ಕುಳಿತಿದ್ದರು. ಎಲ್ಲರೂ ದಡ ಸೇರಿದರು ಎಂಬಲ್ಲಿ ಅವರ ತುಟಿ ನಿಂತಿತು. ಯಂತ್ರ ನಿಲ್ಲಲಿಲ್ಲ. ಒಬ್ಬ ಮುದುಕಿ ಆಚೆ ದಡದಲ್ಲೇ ಉಳಿದಿದ್ದಳು, ಅಂಬಿಗ ದೋಣಿ ತಿರುಗಿಸಿಕೊಂಡು ಹೋದ, ದೋಣಿ ಮರಳಿ ಬಂತು, ಅದರಲ್ಲಿ ಅವನಿರಲಿಲ್ಲ ಎಂದು ಇನ್ನೊಂದು ಪ್ಯಾರಾ ಓದಿತು.

ಹಿಂದಿನ ವರ್ಷ ಓದಿ ಹೇಳುತ್ತಿದ್ದ ಟೀಚರು ಕೊನೆಯ ಪುಟ ತಿರುಗಿಸಿರಲಿಲ್ಲ.

"ಇನ್ನೊಮ್ಮೆ ಹಚ್ಚರಿ" ಎಂದರು ಅಕ್ಕೋರು. ವೀರೇಶ ಇನ್ನೊಮ್ಮೆ ಓದಿಸಿದರು. ಅಕ್ಕೋರು ಸೆರಗು ಹೊದ್ದುಕೊಂಡರು. "ವರ್ಷಪೂರ್ತಿ ನಾ ಅವನ್ನ ಬದುಕಸಿಟ್ಟೀನ್ರಿ" ಎಂದರು.

ಸೋಮವಾರ ನಾನು ಬಾಕಿ ಉಳಿದ ಕೆಲಸಕ್ಕೆ ಮತ್ತೆ ಗಜೇಂದ್ರಗಡಕ್ಕೆ ಹೋಗಿದ್ದೆ. ಅಕ್ಕೋರು ಗೋಡೆ ಹಿಡಿದು ಹತ್ತನೇ ತರಗತಿಗೆ ನಡೆದರು. ಹೋದ ವರ್ಷದ ಒಂಬತ್ತನೆಯವರು ಈಗ ಅಲ್ಲಿದ್ದರು. ನಾನು ವರಾಂಡದಲ್ಲಿ ನಿಂತೆ.

"ಅಂಬಿಗನ ಪಾಠದಾಗ ಕಡೀ ಪ್ಯಾರಾ ನಾ ಕಲಸಿಲ್ಲ. ನಿಮಗ ಗೊತ್ತಿತ್ತೇನು?" ಎಂದು ಕೇಳಿದರು.

ಹುಡುಗರ ಕೈಯಲ್ಲಿ ಪುಸ್ತಕವಿತ್ತಲ್ಲ, ಗೊತ್ತಿಲ್ಲದೆ ಹೇಗಿರುತ್ತದೆ? ಕೊನೆಗೆ ಹುಡುಗಿಯೊಬ್ಬಳು ಎದ್ದು ನಿಂತಳು.

"ಗೊತ್ತಿತ್ರಿ ಅಕ್ಕೋರ."

"ಎಲ್ಲಾರಿಗೂ?"

"ಹೌದ್ರಿ."

"ಮತ್ಯಾಕ ಹೇಳಲಿಲ್ಲ?"

"ನಿಮಗ ಕೆಟ್ಟ ಅನಸಬಾರದಂತ್ರಿ."

ಅಕ್ಕೋರು ಮೇಜಿನ ಅಂಚನ್ನು ಹಿಡಿದುಕೊಂಡರು. ಅವರು ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ, ಬೈಯಲೂ ಇಲ್ಲ. ಹುಡುಗಿಗೆ ಕೂರಲು ಹೇಳಿ, ಎಲ್ಲರೂ ದಡ ಸೇರಿದ ಮೇಲೆ ಏನಾಯಿತು ಎಂಬುದನ್ನು ಹೇಳತೊಡಗಿದರು.